ಗಂಟಲಿನಿಂದ ಒಂದು ಗೇಣು ಮೇಲೆ

ಮೊನ್ನೆ ಭಾನುವಾರ ಚಿತ್ರಾನ್ನ ತಾವೇ ಮಾಡುತ್ತೇನೆಂದು ಹೊರಟ ನಮ್ಮ ಯಜಮಾನರು ಅಡುಗೆಮನೆಯ ಬುಟ್ಟಿಯಿಂದ ಒಂದು ನಿಂಬೆಹಣ್ಣು ಎತ್ತಿಕೊಂಡು, ಕನ್ನಡಕವನ್ನು ಹಣೆಗೇರಿಸಿ, ಬಹಳ ಹೊತ್ತು ನೋಡಿದರು.

"ಪದ್ಮಾ, ಈ ನಿಂಬೆಹಣ್ಣು ನನ್ನ ನೋಡಿ ನಗ್ತಿದೆ."

ಅವರ ಅಡುಗೆಯನ್ನು ಕಂಡು ನಗದ ಪದಾರ್ಥ ನಮ್ಮ ಮನೆಯಲ್ಲಿಲ್ಲ. ಆದ್ದರಿಂದ ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಅವರು ಚಾಕು ಇಟ್ಟರೆ ಅದು ಕುಯ್ಯಿಸಿಕೊಳ್ಳದೆ ಜಾರಿ, ನೆಲಕ್ಕೆ ಬಿದ್ದು, ಪುಟಿದು ಫ್ರಿಜ್ಜಿನಡಿಗೆ ಹೋದಾಗ ಎದ್ದು ಬರಲೇಬೇಕಾಯಿತು. ಪೊರಕೆಯಿಂದ ಎಳೆದು ತೆಗೆದೆ. ಹಳದಿ ಬಣ್ಣದ ಮೆತ್ತನೆಯ ಚೆಂಡು. ಎರಡು ಕಣ್ಣು, ಕಿವಿಯಿಂದ ಕಿವಿಗೆ ಬಾಯಿ. ಹಿಂಡಿದರೆ ಮುಖ ಮುದುಡುತ್ತದೆ, ಬಿಟ್ಟರೆ ಮತ್ತೆ ನಾಚಿಕೆಯಿಲ್ಲದೆ ನಗುತ್ತದೆ. ಸ್ಟ್ರೆಸ್ ಬಾಲ್ ಅಂತೆ. ನಮ್ಮ ಬಸವನಗುಡಿಯಲ್ಲೇ ಹಿಂದೊಮ್ಮೆ ನಡೆದ 'ಕಲಾವಿದರ ಮಾನಸಿಕ ಸ್ವಾಸ್ಥ್ಯ ಶಿಬಿರ'ದಲ್ಲಿ ಊಟದ ಕೂಪನ್ನಿನ ಜೊತೆ ಕೊಟ್ಟಿದ್ದರು.

ನಿನಗೇಕೆ ಕೊಟ್ಟರು, ನೀನೇನು ಕಲಾವಿದೆಯೇ ಎಂದು ನೀವು ಕೇಳಿದರೆ ನನಗೆ ಬೇಜಾರಿಲ್ಲ. ನಾನು ಕೋರಸ್ಸಿನವಳು. ಸುಗಮ ಸಂಗೀತದ ಕಾರ್ಯಕ್ರಮಗಳಲ್ಲಿ ಮುಖ್ಯ ಗಾಯಕಿ 'ಬಾ' ಎಂದಾಗ ಹಿಂದಿನಿಂದ 'ಬಾ ಬಾ' ಎನ್ನುವ ಹೆಂಗಸರಿರುತ್ತಾರಲ್ಲ, ಅವರಲ್ಲಿ ಒಬ್ಬಳು. ಇಷ್ಟು ವರ್ಷಗಳ ನನ್ನ ಕಲಾಜೀವನದ ಫೋಟೋಗಳಲ್ಲೆಲ್ಲ ತಬಲಾದವರ ಹೆಗಲ ಮೇಲಿಂದ ಇಣುಕುವ ಅರ್ಧ ಮುಖ ನನ್ನದು. ಆ ಅರ್ಧಕ್ಕೂ ನಾನು ಕ್ರೀಮು ಹಚ್ಚಿಕೊಂಡೇ ಹೋಗುತ್ತಿದ್ದೆ.

ಚಾಮರಾಜಪೇಟೆಯ ನಮ್ಮ ತವರುಮನೆಯಲ್ಲಿ ನನ್ನನ್ನು ದೊಡ್ಡ ಗಾಯಕಿ ಮಾಡುವ ಹಟ ಅಮ್ಮನಿಗಿತ್ತು. ಅದಕ್ಕಾಗಿ ಅವಳು ನನ್ನ ಗಂಟಲನ್ನು ಸಾಕಿದಳು. ಬೆಳಿಗ್ಗೆ ಮೆಣಸಿನ ಕಷಾಯ, ರಾತ್ರಿ ಅರಿಸಿನದ ಹಾಲು, ನಡುವೆ ದವಡೆಗೊತ್ತಿಕೊಳ್ಳಲು ಜೇಷ್ಠಮಧುವಿನ ಕಡ್ಡಿ. ಶಾಲೆಯ ಗೇಟಿನಲ್ಲಿ ಐಸ್ ಕ್ಯಾಂಡಿ ಗಾಡಿ ನಿಂತರೆ ನಾನು ಆ ಕಡೆ ನೋಡುವಂತಿಲ್ಲ. ನೋಡಿದರೂ ಶೀತವಾಗುತ್ತದೆಂದು ಅವಳ ನಂಬಿಕೆ. ರಾಮನವಮಿ ಪೆಂಡಾಲಿನ ಮಕ್ಕಳ ಸ್ಪರ್ಧೆಗೆ ನಿಂತಾಗ ನಾನು ಹೆದರಿ ಅಮ್ಮನ ಸೆರಗು ಬಿಡಲಿಲ್ಲ. ಅಮ್ಮನಲ್ಲಿ ಅದಕ್ಕೂ ಔಷಧಿಯಿತ್ತು: "ಎದುರಿಗೆ ಕೂತಿರೋರೆಲ್ಲ ಬದನೆಕಾಯಿ ಅಂದ್ಕೊಂಡು ಹಾಡು." ಹಾಗೇ ಅಂದುಕೊಂಡು ಕಣ್ಣು ಬಿಟ್ಟೆ. ಮೊದಲನೇ ಸಾಲಿನಲ್ಲಿ ನಮ್ಮ ಹೆಡ್‌ಮಿಸ್ಸು ನೇರಳೆ ಸೀರೆ, ಹಸಿರು ರವಿಕೆ ತೊಟ್ಟು ಕೂತಿದ್ದರು. ನನಗೆ ನಗು ತಡೆಯಲಾಗದೆ, ಪಲ್ಲವಿ ಮುಗಿಯುವ ಮೊದಲೇ ಯಾರೋ ನನ್ನನ್ನು ಎತ್ತಿಕೊಂಡು ಕೆಳಗಿಳಿಸಿದರು.

ಈಗ ಯೋಚಿಸಿದರೆ, ನಮ್ಮ ಸಂಗೀತದವರು ಕಾಳಜಿ ಮಾಡುವುದೆಲ್ಲ ಗಂಟಲಿನವರೆಗೆ. ಅಲ್ಲಿಂದ ಒಂದು ಗೇಣು ಮೇಲಕ್ಕೆ ಇನ್ನೊಂದು ಭಾಗವಿದೆ, ಅದಕ್ಕೂ ಶೀತವಾಗಬಹುದು ಎಂದು ಯಾರೂ ಹೇಳುವುದಿಲ್ಲ. ಹೇಳಿದವರಿಗೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದೆ. ಅದನ್ನೇ ಈಗ ಹೇಳಹೊರಟಿರುವುದು.

ಅವಳನ್ನು ವನಜಾ ಎಂದು ಕರೆಯೋಣ. "ಬರಿ, ಹೆಸರುಗಳು ಮಾತ್ರ ಬೇಡ" ಎಂದು ಅವಳೇ ಹೇಳಿದ್ದಾಳೆ. ನಮಗೆ ಕಲಿಸಿದವರನ್ನು ಬರೀ ಮೇಷ್ಟ್ರು ಎನ್ನುತ್ತೇನೆ. ಮಲ್ಲೇಶ್ವರದಲ್ಲಿ ಸಂಗೀತದ ಮೇಷ್ಟ್ರುಗಳಿಗೇನು ಬರವಿಲ್ಲ, ನೀವು ಯಾರೆಂದು ಹುಡುಕಲಾರಿರಿ.

ಮೇಷ್ಟ್ರ ಮನೆಯ ಮಹಡಿಯಲ್ಲಿ ಪಾಠ. ವನಜಾ ಮೊದಲ ದಿನ ಬಂದಾಗ ಅಲ್ಲಿ ಕೂತಿದ್ದ ತಾಯಂದಿರಲ್ಲೊಬ್ಬರು "ಎಲ್ಲಿಂದಮ್ಮ?" ಎಂದರು. "ಶ್ರೀರಾಂಪುರ" ಎಂದಳು. "ಓ... ಶ್ರೀರಾಂಪುರನಾ" ಎಂದು ಅವರು ಎಳೆದ ರಾಗವನ್ನು ನಾನು ಯಾವ ಪುಸ್ತಕದಲ್ಲೂ ನೋಡಿಲ್ಲ. ಅವಳ ತಂದೆ ಮಿಲ್ಲಿನಲ್ಲಿದ್ದವರು, ಆಗಲೇ ತೀರಿಕೊಂಡಿದ್ದರು. ತಾಯಿ, ಮಗಳು, ಗೋಡೆಯ ಮೇಲೊಂದು ಬುದ್ಧನ ಪಟ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ. ಮದುವೆ ಬೇಡವೆಂದವಳು. ಆ ದಿನ ಮೇಷ್ಟ್ರು "ಏನಾದ್ರೂ ಹಾಡಮ್ಮ" ಎಂದರು. ಅವಳು ಹಾಡಿದಳು. ತಾಯಂದಿರು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ನಾನಂತೂ ನನ್ನ ಜಾಗ ಇನ್ನು ಹಿಂದಿನ ಸಾಲೇ ಎಂದು ಅಂದೇ ತೀರ್ಮಾನಿಸಿಕೊಂಡೆ. ನಿಜ ಹೇಳಬೇಕೆಂದರೆ ನಿರಾಳವೇ ಆಯಿತು.

ವರ್ಷಗಳು ಹಾಗೇ ಹೋದವು. ಅವಳು ಮುಂದೆ, ನಾನು ಹಿಂದೆ. ಕಚೇರಿ ಮುಗಿಸಿ ಬರುವಾಗ ಪೇಪರಿನಲ್ಲಿ ಸುತ್ತಿದ ಮೆಣಸಿನಕಾಯಿ ಬಜ್ಜಿ ತರುತ್ತಿದ್ದಳು. "ಗಂಟಲು ಹಾಳಾಗುತ್ತೆ" ಎಂದು ಮೇಷ್ಟ್ರು ಗದರಿಸಿದರೆ, "ಸರ್, ಎಣ್ಣೆ ಹಾಕಿದ್ರೆ ಬಾಗಿಲೇ ಸದ್ದು ಮಾಡಲ್ಲ, ಗಂಟಲೇನು" ಎಂದು ಅವರ ಕೈಗೂ ಒಂದು ಕೊಡುತ್ತಿದ್ದಳು. ಅವರೂ ತಿನ್ನುತ್ತಿದ್ದರು.

ಕರೋನಾ ಬಂದು ಎಲ್ಲರ ಬಾಯಿ ಮುಚ್ಚಿಸಿತು. ಆ ಎರಡನೇ ಅಲೆಯಲ್ಲಿ ವನಜಾಳ ತಾಯಿ ಹೋದರು. ಕಾರ್ಯಕ್ರಮಗಳು ಮತ್ತೆ ಶುರುವಾದಾಗ ಮುಂದೆ ನಿಂತವಳು ಅವಳೇ, ಆದರೆ ಬಜ್ಜಿ ಬರುವುದು ನಿಂತಿತ್ತು. ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಳು. ಗ್ರೀನ್ ರೂಮಿನಲ್ಲಿ ಅವಳ ಕೈ ಹಿಡಿದರೆ ಬೆವರಿನಿಂದ ಒದ್ದೆಯಾಗಿರುತ್ತಿತ್ತು.

"ಎದೆ ಮೇಲೆ ಯಾರೋ ಕೂತ ಹಾಗಿರುತ್ತೆ ಪದ್ದು. ಮೈಕ್ ನೋಡಿದ್ರೆ ಓಡಿಹೋಗ್ಬೇಕು ಅನ್ಸುತ್ತೆ."

ಮಲ್ಲೇಶ್ವರದ ಒಂದು ಸಭಾಂಗಣದಲ್ಲಿ ಆದದ್ದನ್ನು ಮರೆಯಲಾರೆ. ಎರಡನೇ ಚರಣದ ನಡುವೆ ಅವಳ ದನಿ ನಿಂತುಹೋಯಿತು. ಬಾಯಿ ತೆರೆದೇ ಇತ್ತು. ಕೀಬೋರ್ಡಿನವನು ಅದೇ ಸಾಲನ್ನು ಮತ್ತೆ ಮತ್ತೆ ನುಡಿಸಿದ. ವನಜಾ ಮೈಕಿನ ಕಂಬ ಹಿಡಿದುಕೊಂಡು ಬಿಕ್ಕಿದಳು. ಹಿಂದಿದ್ದ ನಾವು 'ಬಾ ಬಾ' ಎಂದು ಹೇಗೋ ದಡ ಮುಟ್ಟಿಸಿದೆವು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಿರೂಪಕಿ ಓಡಿಬಂದು, "ಭಾವಪರವಶತೆ ಅಂದರೆ ಇದು! ಕವಿತೆಯೊಳಗೇ ಕರಗಿಹೋದರು ನಮ್ಮ ವನಜಾ ಮೇಡಂ!" ಎಂದಳು. ಇನ್ನೊಮ್ಮೆ ಚಪ್ಪಾಳೆ.

ಒಳಗೆ ಬಂದಾಗ ಅವಳು ಉಸಿರಿಗಾಗಿ ಒದ್ದಾಡುತ್ತಿದ್ದಳು. ಮೇಷ್ಟ್ರು ತಲೆ ಸವರಿದರು. "ದುಃಖ ಅನ್ನೋದು ಕಲಾವಿದನ ಆಸ್ತಿ ಕಣಮ್ಮ. ಅದನ್ನ ಹಾಡಿಗೆ ಹಾಕು. ನೋಡು, ಇವತ್ತು ಜನ ಹೇಗೆ ಅತ್ರು."

ಆಮೇಲೆ ಸಲಹೆಗಳ ಮಳೆ. ತಬಲಾದವರು ಯಾವುದೋ ಗುಡಿಯ ಹೆಸರು ಹೇಳಿದರು. ಕೋರಸ್ಸಿನ ಇನ್ನೊಬ್ಬಳು ವಾಟ್ಸಾಪಿನಲ್ಲಿ ದಿನಾ ಸೂರ್ಯೋದಯದ ಚಿತ್ರ ಕಳಿಸಿದಳು. ಕಚೇರಿಯವರು "ಮನಸ್ಸನ್ನ ಗಟ್ಟಿ ಮಾಡ್ಕೊಳ್ಳಿ" ಎಂದರು. ಅದೇನು ಗೋಡೆಯೇ, ಸಿಮೆಂಟು ಹಾಕಿ ಗಟ್ಟಿ ಮಾಡಲು?

ಹೀಗಿರುವಾಗ ಆ ಶಿಬಿರದ ವಿಷಯ ತಿಳಿದು ಅವಳೇ ನನಗೆ ಫೋನ್ ಮಾಡಿದಳು. "ಕಲಾವಿದರಿಗೇ ಅಂತ ಮಾಡ್ತಿದಾರಂತೆ ಕಣೇ. ಮನಸ್ಸಿನ ಡಾಕ್ಟ್ರು ಬರ್ತಾರಂತೆ. ಒಬ್ಳೇ ಹೋಗೋಕೆ ಧೈರ್ಯ ಇಲ್ಲ. ನೀನೂ ಬಾ." ಅಷ್ಟು ಹೇಳಲು ಅವಳಿಗೆ ಎಷ್ಟು ಕಷ್ಟವಾಗಿತ್ತೆಂದು ನನಗೆ ಗೊತ್ತು.

ಹೋದೆವು. ಬಾಗಿಲಲ್ಲೇ ಉಪ್ಪಿಟ್ಟು, ಕೇಸರಿಬಾತು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿಯವರ ತಲೆಗಳು ಒಂದೊಂದೂ ಹಲಸಿನಹಣ್ಣಿನಷ್ಟು. ಕೆಳಗೆ ಮೂಲೆಯಲ್ಲಿ ಆಪ್ತಸಮಾಲೋಚಕಿಯ ಹೆಸರು ಇರುವೆ ಸಾಲಿನಷ್ಟು. ನಾವು ಹಿಂದಿನ ಸಾಲಿನಲ್ಲಿ ಕೂರಬೇಕೆನ್ನುವಾಗ ಸಂಘಟಕರೊಬ್ಬರು ಬ್ಯಾಡ್ಜು ಅಲ್ಲಾಡಿಸುತ್ತ ಬಂದು ವನಜಾಳ ಎದುರು ಕೈಮುಗಿದರು.

"ಮೇಡಂ! ದೇವರು ಕಳಿಸಿದ ಹಾಗೆ ಬಂದ್ರಿ. ಪ್ರಾರ್ಥನೆ ಹಾಡೋರು ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿದಾರೆ. ಒಂದೇ ಒಂದು ಹಾಡು. ಇಲ್ಲ ಅನ್ಬಾರ್ದು."

"ನಾನು... ಇವತ್ತು ಹಾಡೋಕೆ ಬಂದಿಲ್ಲ ಸರ್."

"ಎರಡು ನಿಮಿಷ ಅಷ್ಟೇ ಮೇಡಂ. ಅತಿಥಿಗಳು ಕೂತ್ಬಿಟ್ಟಿದಾರೆ."

"ಅವರಿಗೆ ಹುಷಾರಿಲ್ಲ" ಎಂದೆ ನಾನು.

"ಅಯ್ಯೋ, ಹಾಡಿದ್ರೆ ಸರಿ ಹೋಗುತ್ತೆ ಬನ್ನಿ" ಎಂದು ಅವರು ಮುಂದೆ ನಡೆದೇಬಿಟ್ಟರು.

ಇಲ್ಲ ಎನ್ನುವುದನ್ನು ವನಜಾ ಎಂದೂ ಕಲಿತವಳಲ್ಲ. ಸಹಾಯ ಕೇಳಲು ಬಂದವಳು ಮೆಟ್ಟಿಲು ಹತ್ತಿ, ಮೈಕಿನ ಮುಂದೆ ನಿಂತು, ಕಣ್ಣು ಮುಚ್ಚಿ ಹಾಡಿದಳು. ಕೆಳಗೆ ಕೂತ ನಾನು ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಸೀರೆಯ ನೆರಿಗೆಯನ್ನು ಹಿಡಿದಿದ್ದ ಬೆರಳುಗಳು ಬೆಳ್ಳಗಾಗಿದ್ದವು. ದನಿ ಮಾತ್ರ ಎಲ್ಲೂ ಒಡೆಯಲಿಲ್ಲ. ಸಂಘಟಕರು ಮೈಕು ಹಿಡಿದು, "ಇಂಥ ಕಂಠ ಇರೋವಾಗ ಮಾನಸಿಕ ಒತ್ತಡ ಎಲ್ಲಿ ಉಳಿಯುತ್ತೆ?" ಎಂದರು. ಎಲ್ಲರೂ ನಕ್ಕರು.

ಭಾಷಣಗಳು ಶುರುವಾದವು. ಅಧ್ಯಕ್ಷರು ತಮ್ಮ ಕಾಲದಲ್ಲಿ ಈ ಕಾಯಿಲೆಯೇ ಇರಲಿಲ್ಲ ಎಂದರು. ಮುಖ್ಯ ಅತಿಥಿಗಳು ಕಲೆಯೇ ಔಷಧಿ, ಕಲಾವಿದನೇ ವೈದ್ಯ ಎಂದರು. ಇನ್ನೊಬ್ಬರು ಮೊಬೈಲಿನಿಂದಲೇ ಎಲ್ಲ ಎಂದರು. ಅಷ್ಟರಲ್ಲಿ ಅವರ ಮೊಬೈಲೇ ಬಡಿದುಕೊಂಡಿತು. ಊಟದ ಹೊತ್ತು ಹತ್ತಿರವಾಗಿ, ಹಿಂದಿನಿಂದ ಸಾರಿನ ಒಗ್ಗರಣೆಯ ವಾಸನೆ ಬಂದು ಸಭೆ ಚಡಪಡಿಸತೊಡಗಿದ ಮೇಲೆ ಸಮಾಲೋಚಕಿಯನ್ನು ಕರೆದರು. ನಮ್ಮ ಮಗಳ ವಯಸ್ಸಿನ ಹುಡುಗಿ. "ನಿಮ್ಮಲ್ಲಿ ಯಾರಿಗೆ ಸರಿಯಾಗಿ ನಿದ್ದೆ ಬರ್ತಿಲ್ಲ?" ಎಂದು ಮೆಲ್ಲಗೆ ಕೇಳಿದಳು. ಯಾರೂ ಕೈ ಎತ್ತಲಿಲ್ಲ. ವನಜಾಳ ಕೈ ಮಡಿಲಿನಿಂದ ಅರ್ಧ ಮೇಲೆದ್ದು ಕಿವಿಯೋಲೆ ಸರಿಮಾಡಿಕೊಂಡು ಕೆಳಗಿಳಿಯಿತು. ಕೊನೆಗೆ ಹಿರಿಯ ನಟರೊಬ್ಬರು ಎದ್ದುನಿಂತು, "ಇಷ್ಟು ವರ್ಷ ಸೇವೆ ಮಾಡಿದ ನನಗೆ ಪ್ರಶಸ್ತಿ ಕೊಡದೇ ಇರೋದು ಮಾನಸಿಕ ಹಿಂಸೆ ಅಲ್ವೇ ಡಾಕ್ಟ್ರೇ?" ಎಂದರು. ಉತ್ತರ ಕೇಳುವ ಮೊದಲೇ ಊಟಕ್ಕೆ ಕರೆದರು.

ವನಜಾ ಮಾತಾಡಿಸೋಣವೆಂದು ಆ ಹುಡುಗಿಯ ಹತ್ತಿರ ಹೋದಳು. ಆದರೆ ಆಕೆಗೆ ಶಾಲು ಹೊದಿಸಬೇಕಿತ್ತು, ಫೋಟೋ ಆಗಬೇಕಿತ್ತು. "ಆಮೇಲೆ ಮೇಡಂ, ಆಮೇಲೆ" ಎಂದು ಸಂಘಟಕರು ನಮ್ಮನ್ನು ಪಕ್ಕಕ್ಕೆ ಸರಿಸಿದರು. ನಾವು ಹೊರಟೆವು.

ಗೇಟಿನ ಹತ್ತಿರ ಆ ಹುಡುಗಿ ಶಾಲನ್ನು ಕಂಕುಳಲ್ಲಿ ಇರುಕಿಕೊಂಡು ಓಡಿಬಂದಳು.

"ಆಂಟಿ, ಪ್ರಾರ್ಥನೆ ಹಾಡಿದ್ದು ನೀವಲ್ವಾ? ನಿಮ್ಮ ಕೈ ನೋಡ್ತಿದ್ದೆ. ನೀವು ಹಾಡಿದ ಹಾಗಿರಲಿಲ್ಲ, ಭಾರ ಹೊತ್ತ ಹಾಗಿತ್ತು."

ವನಜಾ ಕಣ್ಣು ತುಂಬಿಕೊಂಡಳು.

"ನಾನು ಸರ್ಕಾರಿ ಆಸ್ಪತ್ರೇಲಿರ್ತೀನಿ. ನಾಳೆ ಬೆಳಿಗ್ಗೆ ಬನ್ನಿ. ಅಲ್ಲಿ ಭಾಷಣ ಇರಲ್ಲ."

ಮರುದಿನ ಹೋದೆವು. ಮನೋವೈದ್ಯ ವಿಭಾಗದ ಹೊರಗೆ ಉದ್ದದ ಬೆಂಚುಗಳು, ಅವುಗಳ ತುಂಬ ಜನ. ಹುಚ್ಚರೆಂದರೆ ಹೇಗಿರುತ್ತಾರೋ ಎಂದು ನಾನು ಹೆದರಿಕೊಂಡೇ ಹೋಗಿದ್ದೆ. ನೋಡಿದರೆ ಎಲ್ಲ ನಮ್ಮ ಬಸ್ಸಿನಲ್ಲಿ ಬರುವವರೇ: ಟಿಫಿನ್ ಡಬ್ಬಿ ಹಿಡಿದ ಗಂಡಸು, ಮಗುವಿಗೆ ಬಿಸ್ಕತ್ತು ತಿನ್ನಿಸುವ ಹೆಂಗಸು. ಎದುರಿನ ಬೆಂಚಿನಲ್ಲಿ ಮಾಸ್ಕು ಹಾಕಿಕೊಂಡು, ಬೇಸಿಗೆಯಲ್ಲೂ ಮಂಕಿಕ್ಯಾಪು ತೊಟ್ಟ ಒಬ್ಬರು ಕೂತಿದ್ದರು. ಅವರ ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಆ ತಾಳವನ್ನು ನಾವಿಬ್ಬರೂ ಗುರುತಿಸಿದೆವು. ಅವರೂ ನಮ್ಮನ್ನು ನೋಡಿದರು.

"ನೀವೇನಮ್ಮ ಇಲ್ಲಿ?" ಮೇಷ್ಟ್ರು ಎದ್ದುಬಂದರು. "ನಾನು... ನಮ್ಮ ನೆಂಟರೊಬ್ಬರನ್ನ ಕರ್ಕೊಂಡು ಬಂದಿದ್ದೆ."

ಅಷ್ಟರಲ್ಲಿ ನರ್ಸು ಬಾಗಿಲಲ್ಲಿ ನಿಂತು ಅವರ ಹೆಸರನ್ನೇ ಕೂಗಿದಳು. "ಬನ್ನಿ ಸರ್. ಏನು, ಹೋದ ತಿಂಗಳು ಬರಲೇ ಇಲ್ಲ? ಮಾತ್ರೆ ನಿಲ್ಲಿಸ್ಬಿಟ್ರಾ ಮತ್ತೆ?"

ಮೇಷ್ಟ್ರು ನಮ್ಮ ಕಡೆ ನೋಡದೆ ಒಳಗೆ ಹೋದರು. ಹೊರಗೆ ಬಂದಾಗ ಕ್ಯಾಪು ಕೈಯಲ್ಲಿತ್ತು. ವನಜಾಳ ಎದುರು ನಿಂತು, "ಇಲ್ಲಿ ನೋಡಿದ್ದು ಇಲ್ಲೇ ಇರಲಿ ಕಣಮ್ಮ" ಎಂದರು. ಅಷ್ಟು ಸಣ್ಣ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ.

"ಆಯ್ತು ಸರ್" ಎಂದಳು ವನಜಾ.

ಚಿಕಿತ್ಸೆ ಶುರುವಾಯಿತು. ಮಾತ್ರೆ ನುಂಗಿದ ಮಾರನೇ ದಿನವೇ ಸರಿಯಾಗುತ್ತದೆಂದು ನಾನು ಕಾದುಕೂತಿದ್ದೆ, ಹಾಗೇನೂ ಆಗಲಿಲ್ಲ. ಮೊದಮೊದಲು ಬಾಯಿ ಒಣಗುತ್ತಿತ್ತು, ಹಗಲೆಲ್ಲ ತೂಕಡಿಕೆ. ವಾರಕ್ಕೊಮ್ಮೆ ಆ ಹುಡುಗಿಯ ಎದುರು ಕೂತು ತಾಯಿಯ ಬಗ್ಗೆ ಮಾತಾಡಿ ಅತ್ತು ಬರುತ್ತಿದ್ದಳು. ತಿಂಗಳುಗಳು ಉರುಳಿದ ಮೇಲೆ ಒಂದು ಸಂಜೆ ಪೇಪರಿನಲ್ಲಿ ಬಜ್ಜಿ ಸುತ್ತಿಸಿಕೊಂಡು ನಮ್ಮ ಮನೆಗೆ ಬಂದಳು. ನಾನು ತಿನ್ನುವುದು ಬಿಟ್ಟು ಅವಳ ಮುಖವನ್ನೇ ನೋಡುತ್ತ ಕೂತೆ.

ಮೇಷ್ಟ್ರ ತಂಡದ ವಾರ್ಷಿಕ ಕಾರ್ಯಕ್ರಮಕ್ಕೆ ತಾಲೀಮು ನಡೆದಿತ್ತು. ವನಜಾ ಹಿಂದಿರುಗಿದಳು. ತಬಲಾದವರು "ಎಲ್ಲಿ ಮಾಯವಾಗಿದ್ರಿ?" ಎಂದು ವಿಚಾರಿಸಿದರು. ಮೈಗೆ ಹುಷಾರಿರಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಇವಳು ತಿಂಡಿ ಆಯಿತೆಂದು ಹೇಳುವಷ್ಟೇ ಸಲೀಸಾಗಿ, "ಡಿಪ್ರೆಶನ್ ಆಗಿತ್ತು. ಮಾತ್ರೆ ತಗೋತಿದೀನಿ. ಈಗ ಪರವಾಗಿಲ್ಲ" ಎಂದಳು.

ಕೀಬೋರ್ಡಿನವನು ತನ್ನ ವಾದ್ಯದ ಕೀಗಳನ್ನು ಒಂದೊಂದಾಗಿ ಒರೆಸಲು ಶುರುಮಾಡಿದ. ಮೇಷ್ಟ್ರು ಕನ್ನಡಕ ತೆಗೆದು ಶಲ್ಯದಲ್ಲಿ ಉಜ್ಜಿದರು. ಆ ದಿನ ವನಜಾ ಚೆನ್ನಾಗಿಯೇ ಹಾಡಿದಳು. ಯಾರೂ ಚೆನ್ನಾಗಿತ್ತು ಎನ್ನಲಿಲ್ಲ.

ಮರುದಿನ ಅವಳಿಗೆ ಮೇಷ್ಟ್ರ ಫೋನು. ನಾನು ಆಗ ಅವಳ ಪಕ್ಕದಲ್ಲೇ ಇದ್ದೆ, ಸ್ಪೀಕರಿನಲ್ಲಿ ಕೇಳಿಸಿತು.

"ಈ ಸಲ ನೀನು ರೆಸ್ಟ್ ತಗೋ ಕಣಮ್ಮ. ಆ ಮಾತ್ರೆಗಳು ಇವೆಯಲ್ಲ, ಭಾವಾನ ಮಂಕು ಮಾಡ್ತವೆ. ಸ್ಟೇಜ್ ಮೇಲೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಹೆಸರು ಹೋಗುತ್ತೆ. ಆಯೋಜಕರೂ ಒಂಥರಾ ಮಾತಾಡ್ತಿದಾರೆ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

ವನಜಾ ಫೋನನ್ನು ಹತ್ತಿರಕ್ಕೆ ಎಳೆದುಕೊಂಡು, "ನೀವು ತಪ್ಪದೆ ತಗೋತಿದೀರಾ ಸರ್?" ಎಂದಳು.

ಆ ಕಡೆಯಿಂದ ಫೋನು ಇಟ್ಟ ಸದ್ದು ಬಂತು.

ನಾನು ಚಪ್ಪಲಿ ಮೆಟ್ಟಿಕೊಂಡೆ. "ಈಗಲೇ ಮಲ್ಲೇಶ್ವರಕ್ಕೆ ಹೋಗ್ತೀನಿ. ಆ ಮಹಡಿ ಮೇಲೆ ನಿಂತು ಎಲ್ಲರಿಗೂ ಕೇಳೋ ಹಾಗೆ ಹೇಳ್ತೀನಿ, ಅವರ ಮಾತ್ರೆ ಡಬ್ಬೀಲಿ ಏನಿದೆ ಅಂತ."

"ಕೂತ್ಕೋ ಪದ್ದು."

"ಯಾಕೆ ಕೂತ್ಕೋಬೇಕು?"

"ನೀನು ಹೇಳಿದ್ರೆ ಅವರು ಆಸ್ಪತ್ರೆಗೆ ಹೋಗೋದು ನಿಲ್ಲಿಸ್ತಾರೆ. ಮೊದಲೇ ಮಾತ್ರೆ ಬಿಟ್ಟು ಬಿಟ್ಟು ತಗೋಳೋ ಮನುಷ್ಯ. ಆಮೇಲೆ ಏನಾದ್ರೂ ಮಾಡ್ಕೊಂಡ್ರೆ ನಾನು ಹೇಗೆ ಮಲಗ್ಲಿ? ಈಗಷ್ಟೇ ನಿದ್ದೆ ಬರ್ತಿದೆ."

ಚಪ್ಪಲಿ ಬಿಚ್ಚಿದೆ. ಆದರೆ ತಂಡಕ್ಕೆ ಮತ್ತೆ ಹೋಗಲಿಲ್ಲ. ನಾನು ಬಿಟ್ಟದ್ದನ್ನು ಪ್ರತಿಭಟನೆ ಎಂದು ಭಾವಿಸಿ, ಮೇಷ್ಟ್ರು ಫೋನ್ ಮಾಡಿದರೆ ಹೇಳಲೆಂದು ಒಂದು ಖಡಕ್ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಫೋನು ಬಂತು, ಬಹಳ ದಿನಗಳ ನಂತರ, ಕೀಬೋರ್ಡಿನವನಿಂದ: "ಮೇಡಂ, ಗ್ರೂಪ್ ಸೀರೆ ನಿಮ್ಮ ಹತ್ರ ಒಂದಿದೆಯಲ್ಲ, ಹೊಸಬರೊಬ್ಬರಿಗೆ ಬೇಕಿತ್ತು." ಒಗೆದು, ಇಸ್ತ್ರಿ ಮಾಡಿಸಿ ಕಳಿಸಿಕೊಟ್ಟೆ.

ಈಗ ವನಜಾ ಎಲ್ಲೂ ಹಾಡುವುದಿಲ್ಲ. ಹಾಡಲಾರದೆ ಅಲ್ಲ, ಯಾರೂ ಕರೆಯುವುದಿಲ್ಲ. ಮೈಕು ಹಿಡಿದು ಬಿಕ್ಕಿದಾಗ ಎದ್ದುನಿಂತು ಚಪ್ಪಾಳೆ ತಟ್ಟಿದವರು, ಗುಣವಾಗುತ್ತಿದ್ದೇನೆ ಎಂದ ಕೂಡಲೇ ದೂರ ಸರಿದರು. ಸಮಾರಂಭಗಳಲ್ಲಿ ಸಿಕ್ಕವರು ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಾರೆ, "ಪಾಪ, ಎಂಥ ಪ್ರತಿಭೆ ಹೀಗಾಗೋಯ್ತಲ್ಲ?" ಹೇಗಾಯಿತು ಎಂದು ನಾನು ಕೇಳುತ್ತೇನೆ. ಕಚೇರಿಗೆ ಹೋಗುತ್ತಾಳೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಸಂಜೆ ಮನೆಯಲ್ಲಿ ತನಗೆ ಬೇಕಾದ್ದು ಹಾಡಿಕೊಳ್ಳುತ್ತಾಳೆ. ಅವರಿಗೆ ಇದು ದುರಂತ. ಅವಳು ವೇದಿಕೆಯ ಮೇಲೆ ಸತ್ತಿದ್ದರೆ ಇಷ್ಟು ಹೊತ್ತಿಗೆ ಅವಳ ಹೆಸರಿನಲ್ಲೊಂದು ಸಂಸ್ಮರಣಾ ಸಂಜೆ ನಡೆಯುತ್ತಿತ್ತು. ಪ್ರಾರ್ಥನೆಗೆ ಇನ್ಯಾರಾದರೂ ಸಿಗುತ್ತಿದ್ದರು.

ಹೋದ ವಾರ ಅವಳ ತಪಾಸಣೆಗೆಂದು ಜೊತೆಗೆ ಹೋಗಿದ್ದೆ. ಮೇಷ್ಟ್ರು ಬಂದರು. ಈಗ ಮಾಸ್ಕಿಲ್ಲ, ಕ್ಯಾಪೂ ಇಲ್ಲ, ಬಹಳ ಇಳಿದುಹೋಗಿದ್ದರು. ಬೆಂಚು ತುಂಬಿತ್ತು. ವನಜಾ ನನ್ನ ಮೊಣಕೈ ತಿವಿದು ಸರಿಯುವಂತೆ ಮಾಡಿ ಅವರಿಗೆ ಜಾಗ ಕೊಟ್ಟಳು. ಅವರು ಕೂತರು.

"ಹಾಡ್ತಿದೀಯೇನಮ್ಮ?"

"ಮನೇಲಿ ಹಾಡ್ಕೋತೀನಿ ಸರ್. ನಿದ್ದೆ ಚೆನ್ನಾಗಿ ಬರುತ್ತೆ ಈಗ."

"ನನಗಿನ್ನೂ ಬರಲ್ಲ ಕಣಮ್ಮ."

"ಅದನ್ನ ಡಾಕ್ಟ್ರಿಗೆ ಹೇಳಿ ಸರ್. ಅವರ ಮುಂದೆ ಎಲ್ಲ ಚೆನ್ನಾಗಿದೆ ಅನ್ಬೇಡಿ."

ಮೇಷ್ಟ್ರು ಪಾಠ ಒಪ್ಪಿಸಲಾಗದ ಶಿಷ್ಯನಂತೆ ತಲೆಯಾಡಿಸಿದರು. ಒಳಗಿನಿಂದ ಅವರ ಹೆಸರು ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ವನಜಾಳೇ "ನಿಮ್ಮನ್ನ ಕರೀತಿದಾರೆ ಸರ್" ಎಂದು, ಅವರು ಏಳುವಾಗ ತೋಳು ಹಿಡಿದುಕೊಂಡಳು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊರಗೆ ಬಂದು ಗೇಟು ದಾಟುತ್ತಲೇ ಕೇಳಿದೆ: "ನಿನಗೆ ಕೋಪ ಅನ್ನೋದೇ ಬರಲ್ವೇನೇ?"

"ಬರುತ್ತೆ" ಎಂದಳು. "ಅಲ್ಲಿ ಒಳಗಿರೋವಾಗ ಬರಲ್ಲ. ಗೇಟ್ ದಾಟಿದ ಮೇಲೆ ಬರುತ್ತೆ. ಈಗ ಬರ್ತಿದೆ ನೋಡು."

ಆಟೋ ಹತ್ತಿದವಳು ಶುರುಮಾಡಿದಳು. ಶ್ರೀರಾಂಪುರದ ಬೀದಿ ನಲ್ಲಿಯ ಮುಂದಿನ ಜಗಳದ ಭಾಷೆಯಲ್ಲಿ, ನಾನು ಇಲ್ಲಿ ಬರೆಯಲಾಗದ ಮಾತುಗಳಲ್ಲಿ, ಮೇಷ್ಟ್ರನ್ನು, ಅವರ ಶಲ್ಯವನ್ನು, ಅವರ ಭಾವವನ್ನು, ಒಂದನ್ನೂ ಬಿಡದೆ ಉಗಿದಳು. ಆಟೋದವನು ಎರಡು ಸಲ ಕನ್ನಡಿಯಲ್ಲಿ ನೋಡಿದ. ಅವಳು ಲೆಕ್ಕಿಸಲಿಲ್ಲ. ಸಿಗ್ನಲ್ಲಿನಲ್ಲಿ ಆಟೋ ನಿಂತು ಎಂಜಿನ್ ಆಫ್ ಆದಾಗಲೂ ದನಿ ತಗ್ಗಿಸಲಿಲ್ಲ. ಪಕ್ಕದ ಬಸ್ಸಿನ ಕಿಟಕಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಅಷ್ಟು ಜನ ಒಟ್ಟಿಗೆ ಅವಳ ಕಡೆ ನೋಡಿ ಎಷ್ಟೋ ದಿನಗಳಾಗಿದ್ದವು. ಅವಳ ಕೈ ನೋಡಿದೆ. ಸೀರೆಯ ನೆರಿಗೆ ಹಿಡಿದಿರಲಿಲ್ಲ.